ಹಳೆಯ ಮಿಯಾಟಾ ನಡುಗಿ ನಿಂತುಹೋದರೆ

1.6 ಲೀಟರಿನ ಮೊದಲ ತಲೆಮಾರಿನ ಮಾಜ್ದಾ ಮಿಯಾಟಾ ಕಾರು ಆಕ್ಸಿಲರೇಟರ್ ಬಿಟ್ಟ ಕೂಡಲೇ ನಡುಗಿ ಆಫ್ ಆಗುತ್ತಿದೆಯೇ? ಕೂಡಲೇ ಐಡಲ್ ಸ್ಕ್ರೂಗೆ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ ಹೊಂದಿಸುವ ತಿರುಪು) ಕೈ ಹಾಕಬೇಡಿ. ಅದು ರೋಗ ಮುಚ್ಚುತ್ತದೆ ಅಷ್ಟೆ. ಮೊದಲು ಏರ್‌ಫ್ಲೋ ಮೀಟರ್‌ನಿಂದ (ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಸಾಧನ) ಥ್ರಾಟಲ್‌ವರೆಗಿನ (ಆ ಗಾಳಿಯನ್ನು ನಿಯಂತ್ರಿಸುವ ಕವಾಟ) ರಬ್ಬರ್ ಕೊಳವೆಗಳನ್ನು ಬಗ್ಗಿಸಿ ನೋಡಿ. ಬಿರುಕು ಮಡಿಕೆಯೊಳಗೇ ಅಡಗಿರುತ್ತದೆ. ಅಲ್ಲಿಂದ ನುಗ್ಗುವ ಗಾಳಿ ಮೀಟರಿನ ಲೆಕ್ಕಕ್ಕೆ ಸಿಗದು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಸೋರಿಕೆ ದೊಡ್ಡದಾದರೆ ಮೀಟರಿನೊಳಗೆ ಗಾಳಿ ತಳ್ಳುವ ಫ್ಲ್ಯಾಪ್ ಮುಚ್ಚಿಕೊಂಡು ಇಂಧನ ಪಂಪೇ ನಿಲ್ಲುತ್ತದೆ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಸಡಿಲವಿದ್ದರೂ (ನಂಬುವುದು ಕಷ್ಟ) ಹೀಗೇ ಗಾಳಿ ನುಗ್ಗಿ ಎಂಜಿನ್ ನಡುಗುತ್ತದೆ.

ಕೊಳವೆ ಸರಿಯಿದ್ದರೆ ಥ್ರಾಟಲ್ ಬಾಡಿ, ಐಡಲ್ ವಾಲ್ವ್‌ನ ಮಸಿ ತೊಳೆಯಿರಿ. ಆಮೇಲೆ ಎಂಜಿನ್ ಬಿಸಿಯಾಗಲಿ. ಲೈಟು, ಎಸಿ ಆರಿಸಿ, ಡಯಾಗ್ನಾಸ್ಟಿಕ್ ಪೆಟ್ಟಿಗೆಯ (ಪರೀಕ್ಷೆಗೆಂದೇ ಇರುವ ಪಿನ್‌ಗಳ ಪೆಟ್ಟಿಗೆ) ಟಿಇಎನ್ (TEN), ಜಿಎನ್‌ಡಿ (GND) ಪಿನ್‌ಗಳಿಗೆ ತಂತಿ ಜೋಡಿಸಿ ಟೈಮಿಂಗ್ (ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಕ್ಷಣ) 10 ಡಿಗ್ರಿ, ಐಡಲ್ 850 ಆರ್‌ಪಿಎಂಗೆ ಹೊಂದಿಸಿ. ತಂತಿ ಕಳಚಲು ಮರೆಯಬೇಡಿ.