ಸರದಿಯಲ್ಲಿ ಸಿಕ್ಕಿಕೊಂಡ ಪತ್ರಗಳು

ಇಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಕಚೇರಿಯ ಮೇಲ್ ಸರ್ವರ್ ಮುಂದೆಯೇ ಕುಳಿತಿದ್ದೆ. ಯಾರದೋ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿ, ರಾತ್ರೋರಾತ್ರಿ ಸಾವಿರಾರು ಕಸದ ಮೇಲ್‌ಗಳು ಹೊರಹೋಗಲು ಸಾಲುಗಟ್ಟಿದ್ದವು. ಮೊದಲು ಆ ಪಾಸ್‌ವರ್ಡ್ ಬದಲಿಸಿದೆ. ತೂತು ಮುಚ್ಚದೆ ನೀರು ಎತ್ತಿ ಹಾಕಿ ಫಲವಿಲ್ಲ. ಆಮೇಲೆ ಸರ್ವರ್ ನಿಲ್ಲಿಸಿ ಡೇಟಾಬೇಸಿನ ಬ್ಯಾಕಪ್ ತೆಗೆದುಕೊಂಡೆ.

ನಮ್ಮಲ್ಲಿರುವುದು ಎಚ್‌ಮೇಲ್‌ಸರ್ವರ್ ಎಂಬ ಮೇಲ್ ತಂತ್ರಾಂಶ. ಅದರಲ್ಲಿ ತಲುಪಿದ ಪತ್ರ, ತಲುಪಬೇಕಾದ ಪತ್ರ ಎರಡರ ದಾಖಲೆಯೂ ಡೇಟಾಬೇಸಿನ ಒಂದೇ ಟೇಬಲ್‌ನಲ್ಲಿ, ಅಂದರೆ ಒಂದೇ ಕೋಷ್ಟಕದಲ್ಲಿರುತ್ತದೆ. ವಿಧ 1 ಎಂದಿದ್ದರೆ ಇನ್ನೂ ಸರದಿಯಲ್ಲಿದೆ, 2 ಎಂದಿದ್ದರೆ ಯಾರದೋ ಪೆಟ್ಟಿಗೆ ಸೇರಿದೆ. ಅಳಿಸುವ ಆಜ್ಞೆಯಲ್ಲಿ 'ವಿಧ 1 ಮಾತ್ರ' ಎಂಬ ಒಂದು ಷರತ್ತು ಬಿಟ್ಟುಹೋದರೆ ಎಲ್ಲರ ಹಳೆಯ ಪತ್ರಗಳೂ ಗುಡಿಸಿಹೋಗುತ್ತವೆ. ಎಂಟರ್ ಒತ್ತುವ ಮೊದಲು ಮೂರು ಸಲ ಓದಿದೆ. ವಿಳಾಸಗಳು ಬೇರೆ ಟೇಬಲ್‌ನಲ್ಲಿ, ಪತ್ರದ ಒಡಲು ಡಿಸ್ಕಿನಲ್ಲಿ ಫೈಲ್ ಆಗಿ ಇರುತ್ತದೆ, ಅವನ್ನೂ ಮರೆಯುವಂತಿಲ್ಲ.

ಕಳುಹಿಸಿದವರ ವಿಳಾಸದ ಪ್ರಕಾರ ಬೇರ್ಪಡಿಸಿ ನೋಡಿದ್ದು ಒಳ್ಳೆಯದಾಯಿತು. ಕಸದ ನಡುವೆ ಹನ್ನೊಂದು ನಿಜವಾದ ಪತ್ರಗಳಿದ್ದವು. ಒಂದು, ಮುಂದಿನ ತಿಂಗಳು ನಿವೃತ್ತರಾಗುವ ನಮ್ಮ ಹಿರಿಯ ಗುಮಾಸ್ತರದು, ಪಿಂಚಣಿಯ ಕಾಗದಗಳ ಸಮೇತ. ರಾತ್ರಿ 9.40ಕ್ಕೆ ಕಳುಹಿಸಿದ್ದರು. ತಲುಪಿತು ಎಂದೇ ನಂಬಿ ನೆಮ್ಮದಿಯಾಗಿ ಮಲಗಿರುತ್ತಾರೆ. ಹೀಗೆ ಹೇಳಿಬಿಟ್ಟೆವು ಎಂದುಕೊಂಡ ಎಷ್ಟು ಮಾತುಗಳು ಇನ್ನೂ ದಾರಿಯಲ್ಲೇ ನಿಂತಿವೆಯೋ ಎನಿಸಿ ಸ್ವಲ್ಪ ಹೊತ್ತು ಕೈ ಓಡಲಿಲ್ಲ.

ಹನ್ನೊಂದನ್ನೂ ಉಳಿಸಿ, ಬೇರೆಲ್ಲವನ್ನೂ ಅಳಿಸಿ, ಸರ್ವರ್ ಮತ್ತೆ ಆರಂಭಿಸಿದೆ. 2.15ಕ್ಕೆ ಅವರ ಪತ್ರ ಹೊರಟಿತು. ಮೇಲಿನ ಮಹಡಿಗೆ ಹೋಗಿ, 'ಸರ್, ನಿಮ್ಮ ಕಾಗದ ಈಗ ಹೋಯಿತು' ಎಂದು ನಾನೇ ಹೇಳಿ ಬಂದೆ.