ಬೋಣಿಗೆ ಮುಂಚೆ ಫೋಟೋ ಬೇಡ

ಮೈಸೂರಿನಲ್ಲಿ ಗೈಡ್ ಕೆಲಸಕ್ಕೆ ಸೇರಿದಾಗ ನನಗೆ ಚೆನ್ನಾಗಿ ಗೊತ್ತಿದ್ದದ್ದು ಅರಮನೆಯ ಪಾಠ ಮಾತ್ರ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು, ಹೆನ್ರಿ ಇರ್ವಿನ್ ಹೊಸದಕ್ಕೆ ನಕ್ಷೆ ಮಾಡಿದ, 1912ಕ್ಕೆ ಕೆಲಸ ಮುಗಿಯಿತು. ಇದನ್ನೇ ದಿನಕ್ಕೆ ಎರಡು ಮೂರು ಸಲ ಒಪ್ಪಿಸುತ್ತಿದ್ದೆ. ಬಸ್ಸಿನಿಂದ ಇಳಿದವರು ಅರಮನೆ ನೋಡಿ ಮತ್ತೆ ಬಸ್ಸು ಹತ್ತುತ್ತಿದ್ದರು. ಝೂ, ಚಾಮುಂಡಿ ಬೆಟ್ಟ, ಸಂಜೆ ಕೆಆರ್‌ಎಸ್, ರಾತ್ರಿ ಬೆಂಗಳೂರು. ಅಲ್ಲೇ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ದೇವರಾಜ ಮಾರ್ಕೆಟ್ಟಿಗೆ ಅವರಿಂದ ಒಂದು ರೂಪಾಯಿ ವ್ಯಾಪಾರವೂ ಆಗುತ್ತಿರಲಿಲ್ಲ.

ನಾನು ಅಮ್ಮನ ಕೈ ಹಿಡಿದು ತರಕಾರಿಗೆ ಹೋಗುತ್ತಿದ್ದ ಜಾಗ ಅದು. ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. ಅಲ್ಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿದವು. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆ ಮಾರ್ಕೆಟ್ಟಿನ ಒಂದು ಭಾಗವೂ ಬಿತ್ತು. ಕೆಡವಬೇಕಾ, ರಿಪೇರಿ ಮಾಡಬೇಕಾ ಅನ್ನೋ ಜಗಳ ಕೋರ್ಟಿನವರೆಗೂ ಹೋಯಿತು. ಜನ ಬಂದರೆ ಮಾರ್ಕೆಟ್ ಉಳಿಯುತ್ತೆ ಅಂತ ನಾನು ನಂಬಿದೆ. ಪ್ರವಾಸಿಗರನ್ನು ಒಳಗೇ ಕರೆದುಕೊಂಡು ಹೋಗಲು ಶುರು ಮಾಡಿದೆ.

ಮೊದಲ ದೊಡ್ಡ ಗುಂಪಿನಲ್ಲಿ 26 ಜನ ಇದ್ದರು. ಬೆಳಗ್ಗೆ ಬೆಳಕು ಚೆನ್ನಾಗಿರುತ್ತೆ ಅಂತ ಎಂಟು ಗಂಟೆಗೇ ಹೂವಿನ ಸಾಲಿಗೆ ನುಗ್ಗಿಸಿದೆ. ಎಲ್ಲರ ಕೈಯಲ್ಲೂ ಕ್ಯಾಮೆರಾ. ಸೇವಂತಿಗೆ ರಾಶಿ ಮುಂದೆ ನಿಂತು ನಾನು ಚರಿತ್ರೆ ಹೇಳುತ್ತಿದ್ದೆ. ನಮ್ಮ ಹಿಂದೆ ದೇವಸ್ಥಾನಕ್ಕೆ ಹೂ ಒಯ್ಯುವವರು, ಮದುವೆ ಮನೆಯವರು ದಾರಿ ಸಿಗದೆ ನಿಂತಿದ್ದರು. ಕೆಲವರು ಬೇರೆ ಅಂಗಡಿಗೆ ಹೊರಟೇ ಹೋದರು. ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಿ, "ಏನಪ್ಪಾ, ನಂಗಿನ್ನೂ ಬೋಣಿನೇ ಆಗಿಲ್ಲ. ಇವರೆಲ್ಲ ಹೂ ತಗೋತಾರಾ?" ಅಂದರು.

ಯಾರೂ ತಗೊಳ್ಳಲಿಲ್ಲ. ನಾನೇ ನಾಲ್ಕು ಮೊಳ ಮಲ್ಲಿಗೆ ಕೊಂಡೆ. ಆ ದಿನ ಪೂರ್ತಿ ಅವರ ಮಾತು ಕಿವಿಯಲ್ಲೇ ಇತ್ತು. ಮಾರನೇ ದಿನ ಒಬ್ಬನೇ ಹೋಗಿ, ಯಾವ ಹೊತ್ತಿಗೆ ಬಂದರೆ ತೊಂದರೆ ಇಲ್ಲ ಅಂತ ಕೇಳಿದೆ. ಹೂವಿನವರು ಹತ್ತೂವರೆ ಮೇಲೆ ಅಂದರು. ಬಾಳೆಹಣ್ಣಿನವರು, ಕುಂಕುಮದವರು ಮಧ್ಯಾಹ್ನ ಅಂದರು. ಅವರ ಅಂಗಡಿಗೆ ಜನ ಕರೆದುಕೊಂಡು ಹೋಗುವ ಮುಂಚೆ ಇಷ್ಟು ಕೇಳುವುದು ನನ್ನ ಕೆಲಸವೇ ಆಗಿತ್ತು, ಅಲ್ವಾ?

ಈಗ ಒಂದು ಸಲಕ್ಕೆ ಎಂಟು ಜನ, ಅಷ್ಟೇ. ಮಾರ್ಕೆಟ್ ಮುಂದಿನ ಚಿಕ್ಕ ಗಡಿಯಾರದ ಗೋಪುರದ ಹತ್ತಿರವೇ ಹೇಳಬೇಕಾದ ಚರಿತ್ರೆಯೆಲ್ಲ ಹೇಳಿ ಮುಗಿಸುತ್ತೇನೆ. ಒಳಗೆ ನಿಂತು ಭಾಷಣ ಇಲ್ಲ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡುತ್ತೇನೆ. ಒಬ್ಬರು ಒಂದು ಮೊಳ ಮೈಸೂರು ಮಲ್ಲಿಗೆ ತರಬೇಕು, ಒಬ್ಬರು ಮೈಸೂರು ವೀಳ್ಯದೆಲೆ, ಇನ್ನೊಬ್ಬರು ಸಿಕ್ಕರೆ ನಂಜನಗೂಡು ರಸಬಾಳೆ. ಈ ಮೂರಕ್ಕೂ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಇದೆ ಅಂತ ಮೊದಲೇ ಹೇಳಿರುತ್ತೇನೆ. ಆದರೆ ಅವರಿಗೆ ಟ್ಯಾಗಿಗಿಂತ ಮೊಳವೇ ಜಾಸ್ತಿ ಇಷ್ಟ. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ. ಉದ್ದ ಕೈಯ ಡಚ್ ಪ್ರವಾಸಿಯೊಬ್ಬರು ತಮ್ಮ ಕೈಯಲ್ಲೇ ಅಳೆಯಿರಿ ಅಂತ ಹಠ ಹಿಡಿದರು. ಅಜ್ಜಿ ನಗುತ್ತಾ, ಹಾಗಾದರೆ ರೇಟೂ ಜಾಸ್ತಿ ಅಂದರು. ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಫೋಟೋ ತೆಗೆಯಿರಿ ಅಂತ ಅಜ್ಜಿಯೇ ಹೇಳಿದರು.

ಬೆಂಗಳೂರು ಹೆದ್ದಾರಿ 2023ರಲ್ಲಿ ಉದ್ಘಾಟನೆ ಆದಮೇಲೆ ಬೆಳಗ್ಗೆ ಬಂದು ಸಂಜೆ ಹೋಗುವುದು ಇನ್ನೂ ಸುಲಭವಾಗಿದೆ. ಹಾಗಾಗಿ ಟೂರ್ ಕಂಪನಿಯವರ ಹತ್ತಿರ ನಾನು ಒಂದೂವರೆ ಗಂಟೆ ಕೇಳಿ ಪಡೆಯುತ್ತೇನೆ. ಕೊಡದಿದ್ದರೆ ಮಾರ್ಕೆಟ್ ಭೇಟಿಯನ್ನೇ ಬಿಡುತ್ತೇನೆ. ಹತ್ತು ನಿಮಿಷದಲ್ಲಿ ಓಡಿ ಬರುವುದಾದರೆ ಅಂಗಡಿಯವರಿಗೆ ಸುಮ್ನೆ ತೊಂದರೆ. ಹಳೇ ಕಟ್ಟಡ ರಿಪೇರಿ ಆಗಲಿ ಅಂತ ನನಗೂ ಆಸೆ. ಆದರೆ ರಿಪೇರಿ ಆದಮೇಲೆ ಬರೀ ನೆನಪಿನ ಕಾಣಿಕೆ ಮಾರುವ ಅಂಗಡಿಗಳು ಬಂದರೆ ನನಗೆ ಅಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಸೊಪ್ಪಿಗೆ ಚೌಕಾಸಿ ಮಾಡುವ ಮೈಸೂರಿನ ಹೆಂಗಸರು ಅಲ್ಲಿ ಇರಬೇಕು. ಪ್ರವಾಸಿಗರು ನೋಡಲು ಬರುವುದು ಅದನ್ನೇ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೋದ ವರ್ಷ ಅವತ್ತು ಬೆಳಗ್ಗೆಯೇ ಅಜ್ಜಿಯ ಮಗ ಫೋನ್ ಮಾಡಿದ. "ಅಣ್ಣಾ, ಇವತ್ತು ಕರ್ಕೊಂಡ್ ಬರಬೇಡಿ, ಶನಿವಾರ ಬನ್ನಿ." ಗುಂಪನ್ನು ಜಗನ್ಮೋಹನ ಅರಮನೆ ಕಡೆ ತಿರುಗಿಸಿದೆ.