ಗಾಬ್ಲಿನ್‌ಗೆ ಈಗ ಎರಡು ಸಾಲು

ಹೋದ ವರ್ಷ ಒಂದು ಶನಿವಾರ ಸಂಜೆ ಮಾಸ್ಟರ್ ಶೀಟಲ್ಲಿ ಒಂದೇ ಒಂದು ಕಾಲಂ ಅಪ್ಡೇಟ್ ಮಾಡಿ ಖುಷಿಯಾಗಿ ಮನೆಗೆ ಹೋಗಿದ್ದೆ, ಸೋಮವಾರ ಬಂದು ಮೇಲ್ ತೆಗೆದ್ರೆ ಕ್ಲೈಂಟ್ ಕಡೆಯಿಂದ ಸಾಲಾಗಿ ಕಂಪ್ಲೇಂಟ್. ತಪ್ಪು ಪೂರ್ತಿ ನಂದೇ. ಡೇಟಾ ಕೆಲಸ ಮಾಡೋರಿಗೆ ಉಪಯೋಗ ಆಗ್ಬಹುದು ಅಂತ ಬರೀತಿದೀನಿ.

ನಾನಿರೋದು ದಾವಣಗೆರೆ. ಎಂ.ಲಿಬ್ ಮುಗಿಸಿ ಒಂದು ಕಾಲೇಜ್ ಲೈಬ್ರರೀಲಿ ಮೂರು ವರ್ಷ ಟೆಂಪರರಿ ಆಗಿದ್ದು, ಆಮೇಲೆ ವಿದ್ಯಾನಗರದಲ್ಲಿ ಒಂದು ಸಣ್ಣ ಆಫೀಸ್ ಸೇರಿದೆ, ಒಟ್ಟು ಆರು ಜನ. ನಮ್ಮ ಕ್ಲೈಂಟ್ ಒಬ್ರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋರಿಗೆ ಆ್ಯಪ್ ಮಾಡ್ತಾರೆ, ಅದ್ರಲ್ಲಿ ಬರೋ ಮಾನ್ಸ್ಟರ್‌ಗಳ ಕ್ಯಾಟಲಾಗ್ ಮಾಡೋದು ನಮ್ಮ ಕೆಲಸ. ಆಟ ಗೊತ್ತಿಲ್ದೋರಿಗೆ: ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ರು ಕಥೆ ನಡೆಸ್ತಾ ಹೋಗ್ತಾರೆ, ಉಳಿದೋರು ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಇಪ್ಪತ್ತು ಮುಖದ ದಾಳ ಹಾಕ್ತಾ ಆಡ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ಇದನ್ನ ತಂದಿದ್ದು 1974ರಲ್ಲಿ, ಮಾನ್ಸ್ಟರ್‌ಗಳಿಗೇ ಅಂತ ಬೇರೆ ಪುಸ್ತಕ, ಮಾನ್ಸ್ಟರ್ ಮ್ಯಾನ್ಯುಯಲ್, ಬಂದಿದ್ದು 1977ರಲ್ಲಿ. ಅಲ್ಲಿಂದ ಇಲ್ಲಿಗೆ ಎಷ್ಟೋ ಎಡಿಷನ್ ಆಗಿವೆ.

ಈಗಿನ ಐದನೇ ಎಡಿಷನ್ ರೂಲ್ಸಲ್ಲಿ ಪ್ರತಿ ಮಾನ್ಸ್ಟರ್‌ಗೂ ಒಂದು ಟೈಪ್ ಇರುತ್ತೆ, ಒಟ್ಟು 14. ಮಾಮೂಲಿ ಪ್ರಾಣಿ ಆದ್ರೆ ಬೀಸ್ಟ್, ಸತ್ತು ಎದ್ದಿದ್ದು ಅನ್‌ಡೆಡ್, ಯಾರೋ ಮಾಡಿಟ್ಟ ಗೊಂಬೆ ಥರದ್ದು ಕನ್‌ಸ್ಟ್ರಕ್ಟ್, ಲೋಳೆ ಥರ ಹರಿಯೋದು ಊಜ್, ನರಕದ ಕಡೆಯದು ಫೀಂಡ್, ದೇವಲೋಕದ ಕಡೆಯದು ಸೆಲೆಸ್ಟಿಯಲ್, ಹೀಗೆ. ಗೂಬೆ ತಲೆ ಕರಡಿ ಮೈ ಇರೋ ಔಲ್‌ಬೇರ್ ಥರದ್ದು ಬಂದ್ರೆ ಮಾನ್ಸ್ಟ್ರಾಸಿಟಿ. (ಔಲ್‌ಬೇರ್ ಹುಟ್ಟಿದ್ದು ಹಾಂಗ್‌ಕಾಂಗಿನ ಅಗ್ಗದ ಪ್ಲಾಸ್ಟಿಕ್ ಆಟಿಕೆ ನೋಡಿ ಅಂತೆ, ರಸ್ಟ್ ಮಾನ್ಸ್ಟರ್ ಕೂಡ ಹಂಗೇ. ಅದು ಗೊತ್ತಾದ ದಿನ ಶೀಟಲ್ಲಿ ‘ಮೂಲ’ ಅಂತ ಒಂದು ಕಾಲಂ ಸೇರಿಸಿದೆ, ನಂಗೆ ಅದೇ ಇಷ್ಟದ ಕಾಲಂ.)

ನಾನು ಮಾಡಿದ ತಪ್ಪು ಏನಂದ್ರೆ, ಟೈಪ್ ಅನ್ನೋದನ್ನ ಲೈಬ್ರರಿ ಕಪಾಟಿನ ಮೇಲೆ ಅಂಟಿಸೋ ಚೀಟಿ ಥರ ಅಂದ್ಕೊಂಡಿದ್ದೆ, ಹುಡುಕೋಕೆ ಅನುಕೂಲ ಆಗ್ಲಿ ಅಂತ ಇರೋದು, ಅಷ್ಟೇ ಅಂತ. 2025ರಲ್ಲಿ ಹೊಸ ಮಾನ್ಸ್ಟರ್ ಮ್ಯಾನ್ಯುಯಲ್ ಬಂತು. ಅದ್ರಲ್ಲಿ ಗಾಬ್ಲಿನ್ ಅನ್ನೋ ಕುಳ್ಳ ಜೀವಿ, ಅದ್ರ ಬಳಗದ ಹಾಬ್‌ಗಾಬ್ಲಿನ್, ಬಗ್‌ಬೇರ್ ಮೂರೂ ಹ್ಯೂಮನಾಯ್ಡ್, ಅಂದ್ರೆ ಮನುಷ್ಯರ ಥರದ್ದು ಅಂತ ಇದ್ದಿದ್ದು, ಫೇ, ಅಂದ್ರೆ ಮಾಯಾಲೋಕದ ಕಡೆಯದು ಆದ್ವು, ನಾಲ್ ಅನ್ನೋ ಕತ್ತೆಕಿರುಬದ ಮುಖದ್ದು ಫೀಂಡ್ ಆಯ್ತು, ಕೋಬೋಲ್ಡ್ ಡ್ರ್ಯಾಗನ್ ಆಯ್ತು. ನಾನು ಹಳೇ ಸಾಲುಗಳನ್ನೇ ತೆಗೆದು ಟೈಪ್ ತಿದ್ದಿ ಸೇವ್ ಕೊಟ್ಟೆ. ಹೊಸದು ಬಂದ್ಮೇಲೆ ಹಳೇದು ತಪ್ಪು ತಾನೇ ಅನ್ನೋದು ನನ್ ತಲೇಲಿ.

ಆದ್ರೆ ಆ ಆಟದಲ್ಲಿ ಹೋಲ್ಡ್ ಪರ್ಸನ್ ಅಂತ ಒಂದು ಮಂತ್ರ ಇದೆ, ಎದುರಿಗಿರೋದನ್ನ ನಿಂತಲ್ಲೇ ಕಟ್ಟಿಹಾಕುತ್ತೆ, ಅದು ಹ್ಯೂಮನಾಯ್ಡ್ ಮೇಲೆ ಮಾತ್ರ ನಡೆಯೋದು. ಚಾರ್ಮ್ ಪರ್ಸನ್ನೂ ಹಂಗೇ. 2014ರ ಹಳೇ ಪುಸ್ತಕ ಇಟ್ಕೊಂಡು ಎರಡು ಮೂರು ವರ್ಷದಿಂದ ಒಂದೇ ಕಥೆ ಆಡ್ತಿರೋ ಗುಂಪುಗಳು ಬೇಕಾದಷ್ಟಿವೆ, ಅವ್ರು ಬಗ್‌ಬೇರ್ ಮೇಲೆ ಆ ಮಂತ್ರ ಹಾಕಿದ್ರೆ ಆ್ಯಪ್ ಆಗಲ್ಲ ಅಂತಿದೆ. ಒಬ್ರು ಬರೆದಿದ್ರು, ನಮ್ಮ ಪಾತ್ರ ಸತ್ತೋಯ್ತು, ರೂಲ್ಸ್ ಪ್ರಕಾರ ಉಳೀಬೇಕಿತ್ತು ಅಂತ. ಅದನ್ನ ಓದಿ ನಂಗೆ ನಿಜವಾಗ್ಲೂ ಬೇಜಾರಾಯ್ತು, ವರ್ಷಗಟ್ಟಲೆ ಜೊತೆಗಿದ್ದ ಪಾತ್ರ ಅದು. ನಾನು ಚೀಟಿ ಅಂದ್ಕೊಂಡಿದ್ದರ ಮೇಲೇ ಆಟ ನಿಂತಿತ್ತು.

ನಮ್ಮ ಟೀಮ್ ನೋಡ್ಕೊಳ್ಳೋ ಅಕ್ಕ ಬೈಲಿಲ್ಲ. ಪಕ್ಕ ಕುರ್ಚಿ ಎಳ್ಕೊಂಡು ಕೂತು, “ಅಲ್ಲಮ್ಮಾ, ನೀ ಲೈಬ್ರರೀಲಿದ್ದಾಕಿ, ಹೊಸ ಎಡಿಷನ್ ಬಂತು ಅಂತ ಹಳೇ ಪುಸ್ತಕದ ಕಾರ್ಡ್ ಹರಿದು ಹಾಕ್ತಿದ್ದೇನು?” ಅಂದ್ರು.

ಹಾಕ್ತಿರ್ಲಿಲ್ಲ. ಅದೇ ನೋಡ್ರಿ. ಕಾಲೇಜಲ್ಲಿ ಒಂದೇ ಮೆಕ್ಯಾನಿಕ್ಸ್ ಪುಸ್ತಕದ ಮೂರು ಎಡಿಷನ್ ಇದ್ರೆ ಮೂರಕ್ಕೂ ಬೇರೆ ಬೇರೆ ಎಂಟ್ರಿ, ವರ್ಷ ಹಾಕಿಯೇ ಕಾಲ್ ನಂಬರ್ ಬರೀತಿದ್ದೆ. ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವ್ರು ಪುಸ್ತಕ ವಿಂಗಡಿಸೋಕೆ ಮಾಡಿದ ಕೋಲನ್ ಕ್ಲಾಸಿಫಿಕೇಶನ್ ಪದ್ಧತೀನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀನಿ, ವಿಷಯವನ್ನ ಒಂದೇ ಡಬ್ಬಿಗೆ ತುರುಕದೆ ಮುಖ ಮುಖವಾಗಿ ಬಿಡಿಸಿ ಇಡ್ರಿ ಅಂತಾರೆ ಅವ್ರು, ಅದ್ರಲ್ಲಿ ಕೊನೇ ಮುಖಾನೇ ಕಾಲ. ಪುಸ್ತಕ ಅಂದ್ರೆ ಕೈ ತಾನಾಗೇ ಮಾಡ್ತಿತ್ತು, ಎಕ್ಸೆಲ್ ಶೀಟ್ ಅಂದ ತಕ್ಷಣ ಮರ್ತೋಯ್ತು.

ಆ ವಾರ ಪೂರ್ತಿ ಕೂತು ಸರಿ ಮಾಡಿದ್ವಿ. ಹೆಸರೊಂದೇ ಇದ್ರೆ ಮಾನ್ಸ್ಟರೂ ಒಂದೇ ಅನ್ನೋದನ್ನ ಬಿಟ್ವಿ, ಹೆಸರು ಮತ್ತೆ ರೂಲ್ಸ್ ವರ್ಷ ಎರಡೂ ಸೇರಿ ಒಂದು ಐಡಿ. ಹಳೇ ಸಾಲು ಮುಟ್ಟಂಗಿಲ್ಲ, ಹೊಸದು ಬಂದ್ರೆ ಹೊಸ ಸಾಲು, ಎರಡನ್ನೂ ಜೋಡಿಸೋಕೆ ‘ಇದನ್ನೂ ನೋಡಿ’ ಅನ್ನೋ ಕಾಲಂ, ಲೈಬ್ರರಿ ಕಾರ್ಡಲ್ಲಿ ಇರ್ತಿತ್ತಲ್ಲ ಹಂಗೆ. ಇನ್ನೊಂದು, ಯಾವ ಕಾಲಂ ಮೇಲೆ ಯಾವ ರೂಲ್ ನಿಂತಿದೆ ಅಂತ ಹೆಡರ್ ಕೆಳಗೇ ಬರೆದಿಟ್ವಿ, ಮುಟ್ಟೋ ಮುಂಚೆ ಕಣ್ಣಿಗೆ ಬೀಳ್ಲಿ ಅಂತ.

ಇದಕ್ಕಿಂತ ಕಷ್ಟ ಆಗಿದ್ದು ರಾಕ್ಷಸನ ಎಂಟ್ರಿ. ಹೌದು, ನಮ್ಮ ರಾಕ್ಷಸಾನೇ, 1977ರ ಪುಸ್ತಕದಿಂದ ಇದ್ದಾನೆ. ಈಗಿನ ರೂಲ್ಸಲ್ಲಿ ಅವ್ನಿಗೆ ಹುಲಿ ತಲೆ, ಅಂಗೈ ಉಲ್ಟಾ, ಟೈಪ್ ಫೀಂಡ್, ಕೆಟ್ಟವನು. ನಾನು ಚಿಕ್ಕೋಳಿದ್ದಾಗ ಅಪ್ಪ ಚಿತ್ರದುರ್ಗದ ಕೋಟೆಗೆ ಕರ್ಕೊಂಡು ಹೋಗಿ ಹಿಡಿಂಬೇಶ್ವರ ದೇವಸ್ಥಾನದಲ್ಲಿ ಹಿಡಿಂಬನ ಹಲ್ಲು ಅಂತ ತೋರ್ಸಿದ್ರು, ಭೀಮ ಹಿಡಿಂಬನ್ನ ಕೊಂದಿದ್ದು, ತಂಗಿ ಹಿಡಿಂಬೆನ ಮದ್ವೆ ಆಗಿದ್ದು, ಘಟೋತ್ಕಚ ಹುಟ್ಟಿದ್ದು ಎಲ್ಲಾ ಆ ಬಂಡೆ ಮೇಲೆ ಕೂರ್ಸಿ ಹೇಳಿದ್ರು. ಘಟೋತ್ಕಚ ಕೆಟ್ಟವನಾ? ವಿಭೀಷಣ? ತಡ್ಕೊಳ್ಳೋಕಾಗದೆ ಹುಲಿ ತಲೆ ತಪ್ಪು ಅಂತ ವಿವರಣೆ ತಿದ್ದಿಬಿಟ್ಟಿದ್ದೆ. ಅಕ್ಕ ಅದನ್ನೂ ವಾಪಸ್ ಹಾಕ್ಸಿದ್ರು. ಪುಸ್ತಕದಲ್ಲಿ ಏನಿದೆಯೋ ಅದನ್ನೇ ಎಂಟ್ರಿ ಮಾಡು, ನಿಂಗೆ ಗೊತ್ತಿರೋದು ‘ಮೂಲ’ ಕಾಲಂನಲ್ಲಿ ಬರಿ, ಎಷ್ಟು ಬೇಕಾದ್ರೂ ಬರಿ ಅಂದ್ರು. ಬರೆದೆ. ಶೀಟಲ್ಲೇ ಅತಿ ಉದ್ದದ ಸೆಲ್ ಅದು, ಕ್ಲೈಂಟ್ ಕಡೆಯೋರು ಓದಿ ಘಟೋತ್ಕಚನ ಬಗ್ಗೆ ಇನ್ನೂ ಹೇಳಿ ಅಂತ ಮೇಲ್ ಮಾಡಿದ್ರು.

ಕೊನೇಗೆ ಉಳಿದಿದ್ದು ನಾಗ. 2014ರಲ್ಲಿ ಗಾರ್ಡಿಯನ್ ನಾಗ ಮಾನ್ಸ್ಟ್ರಾಸಿಟಿ. ನಮ್ಮಮ್ಮ ಪ್ರತಿ ಪಂಚಮಿಗೆ ಅರಳಿಕಟ್ಟೆ ನಾಗರಕಲ್ಲಿಗೆ ಹಾಲು ಹಾಕ್ತಾರೆ, ಆ ಹೆಸರಿನ ಮುಂದೆ ಆ ಪದ ಇರೋದನ್ನ ನೋಡಿದ್ರೆ ಕೈ ತಿದ್ದೋಕೆ ಹೋಗ್ತಿತ್ತು. ತಿದ್ದಲಿಲ್ಲ. ಹೊಸ ರೂಲ್ಸಲ್ಲಿ ಅದು ಸೆಲೆಸ್ಟಿಯಲ್ ಆಗಿದೆ, ಸ್ಪಿರಿಟ್ ನಾಗ ಮಾತ್ರ ಫೀಂಡ್. ಹಳೇ ಸಾಲು ಹಂಗೇ ಬಿಟ್ಟು, ಕೆಳಗೆ ಹೊಸ ಸಾಲು ಹಾಕಿ ಸೆಲೆಸ್ಟಿಯಲ್ ಅಂತ ಟೈಪ್ ಮಾಡಿ, ಎರಡಕ್ಕೂ ‘ಇದನ್ನೂ ನೋಡಿ’ ಕೊಟ್ಟು, ಅಕ್ಕನ್ನ ಕರೆದು ತೋರ್ಸಿದೆ.